ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲೇ ಪ್ಲಮ್ ಬಟರ್ ಮಾಡೋದು, ಕೆಡದ ಹಾಗೆ ಇಡೋದು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಪ್ಲಮ್ ಬಟರ್ ಬಗ್ಗೆನೇ ಜಾಸ್ತಿ ಇತ್ತು, ಹಾಗಾಗಿ ಪೂರ್ತಿ ಕಾಲಂ ಅದಕ್ಕೇ ಬಿಟ್ಟಿದೀನಿ, ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ. ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಕುದಿಸೋ ವಿಷಯದಲ್ಲಿ ನಿಮ್ಮ ಕಣ್ಣು, ಮೂಗು, ನಾಲಿಗೆ ಹೇಳಿದ ಹಾಗೆ ಕೇಳಿ, ಅಲ್ಲಿ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ. ಜಾರ್‌ಗೆ ತುಂಬಿ ಮುಚ್ಚೋ ವಿಷಯದಲ್ಲಿ ಮಾತ್ರ ಅಂದಾಜು ಬೇಡ, ಗಡಿಯಾರ ನೋಡ್ಕೊಂಡೇ ಮಾಡಿ.

ಪ್ರಶ್ನೆ: ಪ್ಲಮ್ ಬಟರ್‌ಗೆ ಬೆಣ್ಣೆ ಹಾಕ್ಬೇಕಾ? ಜಾಮ್‌ಗೂ ಇದಕ್ಕೂ ಏನು ವ್ಯತ್ಯಾಸ?

ಬೆಣ್ಣೆ ಒಂದು ಚೂರೂ ಬೇಡ, ಬೆಣ್ಣೆ ತರ ನುಣ್ಣಗೆ ಹಚ್ಚೋಕೆ ಬರುತ್ತೆ ಅಷ್ಟೇ. ವ್ಯತ್ಯಾಸ ಇರೋದು ಗಟ್ಟಿ ಆಗೋ ರೀತಿಯಲ್ಲಿ. ಹಣ್ಣಿನಲ್ಲಿರೋ ಪೆಕ್ಟಿನ್, ಹುಳಿ, ಜೊತೆಗೆ ತುಂಬಾ ಸಕ್ಕರೆ, ಮೂರೂ ಸೇರಿ ಹೆಪ್ಪುಗಟ್ಟಿದ ಹಾಗೆ ಆಗೋದು ಜಾಮ್, ಅದಕ್ಕೇ ಜಾಮ್‌ನಲ್ಲಿ ಸಕ್ಕರೆ ಕಮ್ಮಿ ಮಾಡಿದ್ರೆ ಅದು ಸರಿಯಾಗಿ ಕೂರಲ್ಲ. ಪ್ಲಮ್ ಬಟರ್ ಗಟ್ಟಿ ಆಗೋದು ನೀರು ಆವಿಯಾಗಿ ಹೋಗೋದ್ರಿಂದ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟು ತಿರುಳನ್ನ ಇಂಗಿಸ್ತಾ ಹೋಗ್ತೀವಿ, ಹಾಗಾಗಿ ಪೆಕ್ಟಿನ್ ಪುಡಿ ಬೇಕಾಗಿಲ್ಲ, ಸಕ್ಕರೆನೂ ನಿಮ್ಮ ಇಷ್ಟ, ಆದ್ರೆ ತಾಳ್ಮೆ ಬೇಕೇ ಬೇಕು. ರುಚಿನೂ ಬೇರೆನೇ. ಜಾಮ್‌ನಲ್ಲಿ ತಾಜಾ ಹಣ್ಣಿನ ವಾಸನೆ ಇರುತ್ತೆ, ಇದರಲ್ಲಿ ಸ್ವಲ್ಪ ಕ್ಯಾರಮೆಲ್ ಸೇರಿದ ಹಾಗೆ ಗಾಢವಾಗಿ, ಹುಳಿಸಿಹಿ ಎರಡೂ ಒಟ್ಟಿಗೆ ಸಿಗುತ್ತೆ.

ಪ್ರಶ್ನೆ: ಮೂರು ಗಂಟೆ ಕುದಿಸಿದ್ರೂ ನಂದು ಸಾರಿನ ತರ ನೀರು ನೀರಾಗೇ ಇದೆ. ಕೆಂಪಗೆ ದುಂಡಗಿರೋ ಪ್ಲಮ್ ತಂದಿದ್ದೆ. ಹಣ್ಣೇ ತಪ್ಪಾಯ್ತಾ?

ತಪ್ಪು ಅಂತ ಹೇಳಲ್ಲ, ಆದ್ರೆ ನಿಮಗೆ ಕೆಲಸ ಜಾಸ್ತಿ ಆಗಿರೋದು ಆ ಹಣ್ಣಿಂದಾನೇ. ಪ್ಲಮ್‌ನಲ್ಲಿ ದೊಡ್ಡದಾಗಿ ಎರಡು ಗುಂಪು ಇದೆ. ಕೆಂಪು ಅಥವಾ ಕಪ್ಪು ಬಣ್ಣದ, ದುಂಡಗಿರೋ, ಕಚ್ಚಿದ್ರೆ ರಸ ಸುರಿಯೋವು ಜಪಾನೀಸ್ ಪ್ಲಮ್ ಜಾತಿ, ಅವುಗಳಲ್ಲಿ ನೀರು ಜಾಸ್ತಿ, ಬೀಜ ತಿರುಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. ಇನ್ನೊಂದು ಯುರೋಪಿಯನ್ ಪ್ಲಮ್, ಮೊಟ್ಟೆ ಆಕಾರ, ನೀಲಿ ಬಣ್ಣ, ಮೇಲೆ ಬಿಳಿ ಪುಡಿ ಹಚ್ಚಿದ ಹಾಗೆ ಕಾಣುತ್ತೆ (ಅದು ಹಣ್ಣಿನದ್ದೇ ಮೇಣ, ಔಷಧಿ ಅಂತ ಹೆದರಬೇಡಿ, ತೊಳೆದ್ರೆ ಸಾಕು). ಒಣಗಿಸಿ ಪ್ರೂನ್ಸ್ ಮಾಡೋದು ಇದರಿಂದಾನೇ. ಇದರ ತಿರುಳು ಗಟ್ಟಿ, ನೀರು ಕಮ್ಮಿ, ಹೆಚ್ಚಿನ ತಳಿಗಳಲ್ಲಿ ಬೀಜ ಸಲೀಸಾಗಿ ಬಿಟ್ಕೊಳ್ಳುತ್ತೆ, ಪ್ಲಮ್ ಬಟರ್‌ಗೆ ಹೇಳಿ ಮಾಡಿಸಿದ ಹಣ್ಣು.

ರಸಭರಿತ ಹಣ್ಣೇ ಸಿಗೋದು ಅನ್ನೋರು ಬೇಜಾರ್ ಮಾಡ್ಕೋಬೇಡಿ. ಹಣ್ಣು ಬೆಂದು ಮೆತ್ತಗಾದ ಮೇಲೆ ಒಂದು ಜರಡಿ ಮೇಲೆ ಸುರಿದು ತೆಳ್ಳಗಿನ ರಸವನ್ನ ತಾನಾಗೇ ಇಳಿಯೋಕೆ ಬಿಡಿ, ಒತ್ತಬೇಡಿ. ಆ ರಸಕ್ಕೆ ಸಕ್ಕರೆ ಹಾಕಿ ಶರಬತ್ತು ಮಾಡ್ಕೊಳ್ಳಿ, ಉಳಿದ ತಿರುಳನ್ನ ಇಂಗಿಸಿ, ಅರ್ಧಕ್ಕರ್ಧ ಸಮಯ ಉಳಿಯುತ್ತೆ. ಇನ್ನೊಂದು ವಿಷಯ, ಪಾತ್ರೆ ನೋಡ್ಕೊಳ್ಳಿ. ಉದ್ದದ ಕಿರಿದಾದ ಪಾತ್ರೆಯಲ್ಲಿ ಇಟ್ಟಿದ್ರೆ ನೀರು ಆವಿ ಆಗೋಕೆ ಜಾಗನೇ ಇಲ್ಲ, ಅಗಲ ಬಾಯಿಯ ದಪ್ಪ ತಳದ ಪಾತ್ರೆ ತಗೊಂಡು ಮುಚ್ಚಳ ಹಾಕದೇ ಇಟ್ರೆ ಅದೇ ಹಣ್ಣು ಎಷ್ಟೋ ಬೇಗ ಗಟ್ಟಿಯಾಗುತ್ತೆ.

ಪ್ರಶ್ನೆ: ಮೊದಲ ಸಲ ಮಾಡ್ತಿದೀನಿ, ಅಳತೆ ಸಮೇತ ಹೇಳಿ.

ಎರಡು ಕೆಜಿ ಹಣ್ಣಿಂದ ಶುರು ಮಾಡಿ, ಮೊದಲ ಸಲಕ್ಕೆ ಅದಕ್ಕಿಂತ ಜಾಸ್ತಿ ಬೇಡ. ಚೆನ್ನಾಗಿ ಮಾಗಿರ್ಬೇಕು, ಆದ್ರೆ ಕೊಳೆತ ಭಾಗ, ಬೂಷ್ಟು ಇರೋ ಹಣ್ಣು ಪಾತ್ರೆಗೆ ಹೋಗ್ಲೇಬಾರ್ದು. ತೊಳೆದು ಎರಡು ಭಾಗ ಮಾಡಿ ಬೀಜ ತೆಗೀರಿ, ಸಿಪ್ಪೆ ತೆಗೀಬೇಡಿ, ಯಾಕಂದ್ರೆ ಆ ಗಾಢ ಬಣ್ಣ, ಹುಳಿಯ ಒಂದು ಪಾಲು ಇರೋದು ಸಿಪ್ಪೆಯಲ್ಲೇ. ಪಾತ್ರೆಗೆ ಅರ್ಧ ಕಪ್ ನೀರು ಮಾತ್ರ ಹಾಕಿ, ಅದೂ ಶುರುವಲ್ಲಿ ತಳ ಹಿಡೀಬಾರ್ದು ಅಂತ, ಹಣ್ಣು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಬೇಯಿಸಿ. ಹಣ್ಣು ಪೂರ್ತಿ ಕರಗಿದ ಹಾಗೆ ಆದ್ಮೇಲೆ ಜರಡಿಯಲ್ಲಿ ಉಜ್ಜಿ ಸೋಸಿ, ಇಲ್ಲಾ ಸ್ವಲ್ಪ ಆರಿಸಿ ಮಿಕ್ಸಿಗೆ ಹಾಕಿ. ಜರಡಿಯಲ್ಲಿ ಉಜ್ಜಿದ್ರೆ ನುಣುಪು ಜಾಸ್ತಿ, ಮಿಕ್ಸಿಯಲ್ಲಿ ಸಿಪ್ಪೆನೂ ಸೇರೋದ್ರಿಂದ ಬಣ್ಣ ಜಾಸ್ತಿ, ಸ್ವಲ್ಪ ಒಗರೂ ಬರುತ್ತೆ, ನನಗೆ ಎರಡನೇದೇ ಇಷ್ಟ.

ಈಗ ತಿರುಳನ್ನ ತೂಕ ಮಾಡಿ, ಮತ್ತೆ ಪಾತ್ರೆಗೆ ಹಾಕಿ ಮುಚ್ಚಳ ಇಲ್ಲದೇ ಸಣ್ಣ ಉರಿಯಲ್ಲಿ ಇಂಗಿಸೋಕೆ ಇಡಿ. ಒಂದು ಕೆಜಿ ತಿರುಳಿಗೆ 250 ರಿಂದ 400 ಗ್ರಾಂ ಸಕ್ಕರೆ, ಹಣ್ಣಿನ ಹುಳಿ ನೋಡ್ಕೊಂಡು. ಸಕ್ಕರೆನ ಶುರುವಲ್ಲೇ ಹಾಕ್ಬೇಡಿ ಅನ್ನೋದು ನನ್ನ ಸಲಹೆ, ತಿರುಳು ಅರ್ಧ ಇಂಗಿದ ಮೇಲೆ ಹಾಕಿ, ಯಾಕಂದ್ರೆ ಸಕ್ಕರೆ ಬಿದ್ದ ತಕ್ಷಣದಿಂದ ತಳ ಹಿಡಿಯೋ ಅಪಾಯ ಜಾಸ್ತಿ ಆಗುತ್ತೆ, ಮತ್ತೆ ಇಂಗಿದ ಮೇಲೆ ರುಚಿ ನೋಡಿದ್ರೆ ಎಷ್ಟು ಸಿಹಿ ಬೇಕು ಅಂತ ಸರಿಯಾಗಿ ಗೊತ್ತಾಗುತ್ತೆ, ಹಸಿ ತಿರುಳಲ್ಲಿ ನೋಡಿದ್ರೆ ಎಲ್ಲರೂ ಜಾಸ್ತಿನೇ ಹಾಕ್ಬಿಡ್ತಾರೆ. ಹಣ್ಣು ಅತಿಯಾಗಿ ಮಾಗಿದ್ರೆ ಕೆಜಿ ತಿರುಳಿಗೆ ಎರಡು ಟೇಬಲ್ ಚಮಚ ನಿಂಬೆರಸ ಸೇರಿಸಿ, ಮಾಗ್ತಾ ಹೋದ ಹಾಗೆ ಹುಳಿ ಕಮ್ಮಿ ಆಗಿರುತ್ತೆ. ಚಕ್ಕೆ, ಲವಂಗ, ಏಲಕ್ಕಿ, ಒಣಶುಂಠಿ, ನಿಮಗೆ ಯಾವುದು ಇಷ್ಟನೋ ಅದನ್ನ ಕೊನೇ ಹದಿನೈದು ನಿಮಿಷದಲ್ಲಿ ಹಾಕಿ. ಲವಂಗದ ಪುಡಿ ಒಂದು ಚಿಟಿಕೆ ದಾಟಬೇಡಿ, ಇಟ್ಟಷ್ಟೂ ಅದರ ಖಾರ ಮೇಲೆ ಬರುತ್ತೆ.

ಪಾತ್ರೆ ಸ್ಟೀಲ್ ಅಥವಾ ಎನಾಮೆಲ್ ಇರ್ಲಿ. ಬರೀ ಅಲ್ಯೂಮಿನಿಯಂನಲ್ಲಿ, ಕಲಾಯಿ ಇಲ್ಲದ ತಾಮ್ರದಲ್ಲಿ, ಎಣ್ಣೆ ಪಳಗಿರೋ ಕಬ್ಬಿಣದ ಬಾಣಲೆಯಲ್ಲಿ ಇಷ್ಟು ಹುಳಿಯ ಪದಾರ್ಥವನ್ನ ಗಂಟೆಗಟ್ಟಲೆ ಕುದಿಸ್ಬೇಡಿ, ಲೋಹ ಬಿಡುತ್ತೆ, ರುಚಿನೂ ಕೆಡುತ್ತೆ.

ಪ್ರಶ್ನೆ: ಆಯ್ತು ಅಂತ ಗೊತ್ತಾಗೋದು ಹೇಗೆ?

ತಣ್ಣಗಿರೋ ತಟ್ಟೆ ಮೇಲೆ ಒಂದು ಚಮಚ ಹಾಕಿ ಸುತ್ತಲೂ ನೋಡಿ. ಅಂಚಿನಲ್ಲಿ ನೀರಿನ ಗೆರೆ ಬಿಡ್ತಿದ್ರೆ ಇನ್ನೂ ಆಗಿಲ್ಲ. ಗುಡ್ಡೆಯಾಗಿ ಹಾಗೇ ನಿಂತು ಸುತ್ತ ಒದ್ದೆ ಬಿಡದೇ ಇದ್ರೆ ಆಯ್ತು. ಇನ್ನೊಂದು, ಚಮಚದಲ್ಲಿ ತಗೊಂಡು ಆವಿ ತಾಗದ ಹಾಗೆ ಪಕ್ಕಕ್ಕೆ ಎರಡು ನಿಮಿಷ ಹಿಡಿದು ನೋಡಿ, ಗುಡ್ಡೆ ಕುಸೀದೇ ಇದ್ರೆ ಸಾಕು. ಪಾತ್ರೆ ತಳದಲ್ಲಿ ಸೌಟು ಎಳೆದ್ರೆ ದಾರಿ ಆಗಿ ಒಂದೆರಡು ಕ್ಷಣ ಹಾಗೇ ಉಳಿಯುತ್ತೆ, ಅದೂ ಒಂದು ಗುರುತು. ಆರಿದ ಮೇಲೆ ಇನ್ನೂ ಗಟ್ಟಿ ಆಗುತ್ತೆ ಅನ್ನೋದು ನೆನಪಿರ್ಲಿ, ಒಲೆ ಮೇಲೇನೇ ಮುದ್ದೆ ಆಗೋ ತನಕ ಬಿಡ್ಬೇಡಿ, ಆಮೇಲೆ ಜಾರ್‌ನಿಂದ ಕೆರೆದು ತೆಗೀಬೇಕಾಗುತ್ತೆ. ಹಾಗೇನಾದ್ರೂ ಆದ್ರೆ ಸ್ವಲ್ಪ ಕುದಿಯೋ ನೀರು ಹಾಕಿ ಸಡಿಲ ಮಾಡಿ ಮತ್ತೆ ಒಂದು ಕುದಿ ತನ್ನಿ.

ಪ್ರಶ್ನೆ: ಕೊನೇ ಹೊತ್ತಿಗೆ ಪಟಪಟ ಅಂತ ಸಿಡಿದು ಕೈಯೆಲ್ಲಾ ಸುಟ್ಕೊಂಡೆ, ತಳನೂ ಹಿಡೀತು. ಒಲೆ ಮುಂದೆ ನಿಲ್ಲದೇ ಮಾಡೋಕೆ ಆಗಲ್ವಾ?

ಆಗುತ್ತೆ, ಓವನ್ ಇದ್ರೆ. ಜರಡಿ ಹಿಡಿದ ತಿರುಳನ್ನ ಅಗಲವಾದ ಗಾಜಿನ ಅಥವಾ ಸ್ಟೀಲ್ ಟ್ರೇಗೆ ಸುರಿದು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ಅರ್ಧ ಗಂಟೆಗೊಂದು ಸಲ ಅಂಚು ಕೆರೆದು ಕಲಸಿ, ಎರಡರಿಂದ ಮೂರು ಗಂಟೆಯಲ್ಲಿ ಆಗುತ್ತೆ, ತೀರಾ ರಸ ಇರೋ ಹಣ್ಣಾದ್ರೆ ಇನ್ನೂ ಸ್ವಲ್ಪ. ಸುತ್ತಲಿಂದ ಸಮವಾಗಿ ಶಾಖ ಬರೋದ್ರಿಂದ ತಳ ಹಿಡಿಯೋದು ತುಂಬಾ ಕಮ್ಮಿ. ಸ್ಲೋ ಕುಕ್ಕರ್ ಇದ್ರೆ ಮುಚ್ಚಳದ ಕೆಳಗೆ ಎರಡು ಮರದ ಚಮಚ ಅಡ್ಡ ಇಟ್ಟು ಸಂದಿ ಬಿಡಿ, ಪೂರ್ತಿ ಮುಚ್ಚಿದ್ರೆ ಆವಿ ಮತ್ತೆ ಒಳಗೇ ಬೀಳುತ್ತೆ, ರಾತ್ರಿಯೆಲ್ಲಾ ಇಟ್ರೂ ಗಟ್ಟಿ ಆಗಲ್ಲ.

ಒಲೆ ಮೇಲೇ ಮಾಡೋದಾದ್ರೆ ಗಟ್ಟಿ ಆದಷ್ಟೂ ಉರಿ ಇಳಿಸ್ತಾ ಬನ್ನಿ. ಗಟ್ಟಿ ತಿರುಳಿನ ಅಡಿಯಲ್ಲಿ ಆವಿ ಸಿಕ್ಕಿಹಾಕ್ಕೊಂಡು ಒಮ್ಮೆಲೇ ಒಡೆಯೋದ್ರಿಂದ ಸಿಡಿಯೋದು, ಚರ್ಮಕ್ಕೆ ಬಿದ್ರೆ ಅಂಟಿಕೊಂಡು ಕೂರುತ್ತೆ, ಹಾಗಾಗಿ ನೀರು ಸಿಡಿಯೋದಕ್ಕಿಂತ ಇದು ಜೋರಾಗಿ ಸುಡುತ್ತೆ. ಉದ್ದ ಹಿಡಿಯ ಮರದ ಸೌಟು, ತುಂಬು ತೋಳಿನ ಬಟ್ಟೆ, ಪಾತ್ರೆ ಮೇಲೆ ಸಿಡಿಯದಂತೆ ತಡೆಯೋ ಜಾಲರಿ ಇರ್ಲಿ, ಚಿಕ್ಕ ಮಕ್ಕಳು ಒಲೆ ಹತ್ರ ಬರ್ಬಾರ್ದು. ತಳ ಹಿಡೀತು ಅಂತ ವಾಸನೆ ಬಂದ ಕೂಡ್ಲೇ ಕಲಸೋದು ನಿಲ್ಸಿ, ಕೆರೀಬೇಡಿ, ಮೇಲಿಂದ ಮೇಲೆ ಬೇರೆ ಪಾತ್ರೆಗೆ ಸುರಿದುಕೊಳ್ಳಿ. ರುಚಿ ನೋಡಿ, ಸೀದ ವಾಸನೆ ಹತ್ತಿಲ್ಲ ಅಂದ್ರೆ ಮುಂದುವರೆಸಿ. ಹತ್ತಿದ್ರೆ ಯಾವ ಮಸಾಲೆಯಿಂದಾನೂ ಅದು ಮುಚ್ಚಲ್ಲ.

ಪ್ರಶ್ನೆ: ನಮ್ಮ ತಂದೆಗೆ ಶುಗರ್ ಇದೆ. ಸಕ್ಕರೆ ಹಾಕದೇ ಮಾಡಿದ್ರೆ ಎಷ್ಟು ಬೇಕಾದ್ರೂ ತಿನ್ಬಹುದಾ? ಕೆಡಲ್ವಾ?

ಸಕ್ಕರೆ ಹಾಕದೇ ಮಾಡ್ಬಹುದು, ಅದು ಹೊಸದೂ ಅಲ್ಲ. ಪೋಲೆಂಡ್, ಹಂಗೇರಿ, ರೊಮೇನಿಯಾ ಕಡೆ ತುಂಬಾ ಹಿಂದಿನಿಂದ ಮಾಗಿದ ನೀಲಿ ಪ್ಲಮ್‌ನ ಬರೀ ಹಣ್ಣಾಗೇ ಇಂಗಿಸ್ತಾ ಬಂದಿದಾರೆ. ರೊಮೇನಿಯಾದ ತೊಪೊಲೊವೆನಿ ಊರಿನ ಇಂಥದ್ದೇ ಸಕ್ಕರೆ ಇಲ್ಲದ ಪ್ಲಮ್ ಪೇಸ್ಟ್‌ಗೆ 2011ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆನೂ ಸಿಕ್ಕಿದೆ.

ಆದ್ರೆ ನಿಮ್ಮ ತಂದೆ ವಿಷಯದಲ್ಲಿ ದಯವಿಟ್ಟು ಈ ಲೆಕ್ಕ ಗಮನಿಸಿ. ತಾಜಾ ಪ್ಲಮ್‌ನಲ್ಲಿ ನೂರು ಗ್ರಾಂಗೆ ಸುಮಾರು 10 ಗ್ರಾಂ ಸಕ್ಕರೆ ಹಣ್ಣಿನದ್ದೇ ಇರುತ್ತೆ. ಅದನ್ನ ಮೂರನೇ ಒಂದು ಭಾಗಕ್ಕೆ ಇಂಗಿಸಿದ್ರೆ ಹೋಗೋದು ನೀರು ಮಾತ್ರ, ಸಕ್ಕರೆ ಎಲ್ಲೂ ಹೋಗಲ್ಲ, ಅಂದ್ರೆ ನೂರು ಗ್ರಾಂ ಪ್ಲಮ್ ಬಟರ್‌ನಲ್ಲಿ 30 ಗ್ರಾಂ ಹತ್ತಿರ ಬಂತು. ಸಕ್ಕರೆ ಹಾಕಿಲ್ಲ ಅನ್ನೋ ಧೈರ್ಯದ ಮೇಲೆ ಚಮಚಗಟ್ಟಲೆ ಕೊಡ್ಬೇಡಿ, ಎಷ್ಟು ಕೊಡ್ಬಹುದು ಅಂತ ಅವರನ್ನ ನೋಡೋ ಡಾಕ್ಟರ್ ಹತ್ರ ಕೇಳಿ. ಪ್ಲಮ್‌ನಲ್ಲಿ ಸಾರ್ಬಿಟಾಲ್ ಅನ್ನೋ ಸಿಹಿ ಪದಾರ್ಥ ಮತ್ತು ನಾರು ಇರೋದ್ರಿಂದ ಜಾಸ್ತಿ ತಿಂದ್ರೆ ಹೊಟ್ಟೆನೂ ಸಡಿಲ ಆಗುತ್ತೆ, ಅದೂ ತಲೆಯಲ್ಲಿರ್ಲಿ.

ಕೆಡೋ ವಿಷಯ. ಸೀಲ್ ಆಗಿರೋ ಜಾರ್‌ನಲ್ಲಿ ಇದನ್ನ ಕಾಯೋದು ಹಣ್ಣಿನ ಹುಳಿ ಮತ್ತು ಕುದಿಯೋ ನೀರಿನ ಶಾಖ, ಹಾಗಾಗಿ ಸಕ್ಕರೆ ಇಲ್ಲದಿದ್ರೂ ಪರವಾಗಿಲ್ಲ. ಮುಚ್ಚಳ ತೆಗೆದ ಮೇಲೆ ಮಾತ್ರ ಸಕ್ಕರೆ ಇಲ್ಲದ್ದು ಬೇಗ ಬೂಷ್ಟು ಹಿಡಿಯುತ್ತೆ, ಚಿಕ್ಕ ಚಿಕ್ಕ ಜಾರ್‌ಗಳಲ್ಲಿ ತುಂಬಿಸಿ, ಒಂದು ಖಾಲಿ ಆದ್ಮೇಲೆ ಇನ್ನೊಂದು ತೆಗೀರಿ.

ಪ್ರಶ್ನೆ: ಬಿಸಿ ಬಿಸಿ ಇರೋವಾಗ್ಲೇ ಜಾರ್‌ಗೆ ತುಂಬಿ ಮುಚ್ಚಿ ಉಲ್ಟಾ ಇಟ್ರೆ ತಾನಾಗೇ ಸೀಲ್ ಆಗುತ್ತೆ, ಕಪಾಟಲ್ಲಿ ವರ್ಷಗಟ್ಟಲೆ ಇರುತ್ತೆ ಅಂತಾರೆ. ನಿಜನಾ?

ತುಂಬಾ ಜನ ಕೇಳಿರೋದು ಇದನ್ನೇ, ನನಗೆ ಎಲ್ಲಕ್ಕಿಂತ ಕಾಳಜಿ ಇರೋದೂ ಇದರ ಬಗ್ಗೆನೇ. ಉಲ್ಟಾ ಇಟ್ಟಾಗ ಮುಚ್ಚಳ ಒಳಗೆ ಎಳ್ಕೊಳ್ಳೋದು ನಿಜ, ಟಕ್ ಅಂತ ಸದ್ದೂ ಬರ್ಬಹುದು. ಆದ್ರೆ ಆ ಸೀಲ್ ಎಷ್ಟು ಗಟ್ಟಿ ಅನ್ನೋಕೆ ಖಾತ್ರಿ ಇಲ್ಲ, ತುಂಬೋವಾಗ ಒಳಗೆ ಸೇರಿದ ಗಾಳಿಯಲ್ಲಿ ಬೂಷ್ಟಿನ ಕಣ ಇದ್ರೆ ಅದು ಸಾಯೋ ಅಷ್ಟು ಶಾಖ ಸಿಕ್ತು ಅನ್ನೋಕೂ ಖಾತ್ರಿ ಇಲ್ಲ. ಬೂಷ್ಟು ಬೆಳೀತಾ ಹೋದ್ರೆ ಅದು ಹುಳಿಯನ್ನ ತಿಂದು ಕಮ್ಮಿ ಮಾಡುತ್ತೆ, ಹುಳಿ ಕಮ್ಮಿ ಆದ್ರೆ ಅದಕ್ಕಿಂತ ಕೆಟ್ಟ ಬ್ಯಾಕ್ಟೀರಿಯಾಗೆ ದಾರಿ. ಮೇಲೆ ಕರಗಿಸಿದ ಮೇಣ ಸುರಿಯೋ ಹಳೇ ಪದ್ಧತಿಯದ್ದೂ ಇದೇ ಕಥೆ, ಆರಿದ ಮೇಲೆ ಮೇಣದ ಅಂಚಲ್ಲಿ ಕೂದಲೆಳೆ ಸಂದಿ ಬಿಟ್ಟಿರುತ್ತೆ, ಅಷ್ಟು ಸಾಕು ಬೂಷ್ಟಿಗೆ.

ಸರಿಯಾದ ದಾರಿ ಕುದಿಯೋ ನೀರಿನಲ್ಲಿ ಜಾರ್ ಮುಳುಗಿಸಿ ಸಂಸ್ಕರಿಸೋದು. ಪ್ಲಮ್‌ಗೆ ಇದು ಸಾಕಾಗುತ್ತೆ ಯಾಕಂದ್ರೆ ಅದು ಹುಳಿ ಹಣ್ಣು. ಬಾಟ್ಯುಲಿಸಂ ಅನ್ನೋ ಮಾರಕ ಕಾಯಿಲೆ ತರೋ ವಿಷ ಮಾಡೋ ಬ್ಯಾಕ್ಟೀರಿಯಾ ಬೆಳೆಯೋಕೆ ಪಿಎಚ್ (ಹುಳಿ ಅಳೆಯೋ ಅಂಕಿ, ಅದು ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಮೇಲಿರ್ಬೇಕು, ಪ್ಲಮ್ ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಇರುತ್ತೆ. ಉಳಿದ ಬೂಷ್ಟು, ಈಸ್ಟ್ ಎಲ್ಲಾ ಕುದಿಯೋ ನೀರಿನ ಶಾಖಕ್ಕೆ ಸಾಯುತ್ತೆ.

ಮಾಡೋದು ಹೀಗೆ. ಬಿರುಕು ಇಲ್ಲದ, ಬಾಯಿ ಅಂಚು ಚೂರು ಹಾರಿರದ ಗಾಜಿನ ಜಾರ್ ತಗೊಳ್ಳಿ, ಅರ್ಧ ಲೀಟರ್‌ಗಿಂತ ದೊಡ್ಡದು ಬೇಡ, ಕಾಲು ಲೀಟರ್ ಇದ್ರೆ ಇನ್ನೂ ಚೆನ್ನ. ಮುಚ್ಚಳ ಹೊಸದೇ ಆಗಿರ್ಬೇಕು, ಅದರ ಅಂಚಿನ ರಬ್ಬರ್ ತರದ ಪದರ ಒಂದೇ ಸಲಕ್ಕೆ. ಜಾರ್‌ಗಳನ್ನ ಸೋಪಿನಲ್ಲಿ ತೊಳೆದು ಹತ್ತು ನಿಮಿಷ ನೀರಲ್ಲಿ ಕುದಿಸಿ, ತುಂಬೋ ತನಕ ಆ ಬಿಸಿ ನೀರಲ್ಲೇ ಇರ್ಲಿ, ತಣ್ಣಗಿರೋ ಗಾಜಿಗೆ ಬಿಸಿ ತಿರುಳು ಬಿದ್ರೆ ಒಡೆಯುತ್ತೆ. ಕುದೀತಿರೋ ಪ್ಲಮ್ ಬಟರ್‌ನ ಮೇಲಿಂದ ಸುಮಾರು 6 ಮಿಲಿಮೀಟರ್ ಜಾಗ ಬಿಟ್ಟು ತುಂಬಿ, ಒಳಗೆ ಸಿಕ್ಕಿರೋ ಗಾಳಿಗುಳ್ಳೆನ ಒಂದು ತೆಳ್ಳಗಿನ ಸ್ಪ್ಯಾಚುಲಾ ಆಡಿಸಿ ಬಿಡಿಸಿ, ಇದು ಗಟ್ಟಿ ಪದಾರ್ಥ ಆಗಿರೋದ್ರಿಂದ ಗುಳ್ಳೆ ತಾನಾಗೇ ಮೇಲೆ ಬರಲ್ಲ. ಬಾಯಿ ಅಂಚನ್ನ ಒದ್ದೆ ಬಟ್ಟೆಯಲ್ಲಿ ಚೊಕ್ಕವಾಗಿ ಒರೆಸಿ, ಅಂಚಲ್ಲಿ ಒಂದು ಹನಿ ಅಂಟಿದ್ರೂ ಸೀಲ್ ಹಿಡಿಯಲ್ಲ. ಮುಚ್ಚಳನ ಬೆರಳ ತುದಿಗೆ ಬಿಗಿ ಅನ್ನಿಸೋ ಅಷ್ಟೇ ತಿರುಗಿಸಿ, ಪೂರ್ತಿ ಬಲ ಹಾಕಿದ್ರೆ ಒಳಗಿನ ಗಾಳಿ ಹೊರಗೆ ಹೋಗೋಕೆ ಆಗಲ್ಲ.

ದೊಡ್ಡ ಪಾತ್ರೆಯ ತಳದಲ್ಲಿ ಒಂದು ಜಾಲರಿ ಅಥವಾ ದಪ್ಪ ಬಟ್ಟೆ ಹಾಸಿ ಜಾರ್ ಇಡಿ, ಮುಚ್ಚಳದ ಮೇಲೆ ಎರಡೂವರೆ ಸೆಂಟಿಮೀಟರ್ ಆದ್ರೂ ನೀರು ನಿಂತಿರ್ಬೇಕು. ನೀರು ಜೋರಾಗಿ ಕುದಿಯೋಕೆ ಶುರು ಆದ್ಮೇಲೆ ಗಡಿಯಾರ ನೋಡಿ, ಮೊದ್ಲಲ್ಲ. ಇಂಥ ಹಣ್ಣಿನ ಬಟರ್‌ಗೆ ಸಮುದ್ರಮಟ್ಟದಿಂದ 300 ಮೀಟರ್ ಎತ್ತರದ ತನಕ 5 ನಿಮಿಷ, 300ರಿಂದ 1800 ಮೀಟರ್ ತನಕ 10 ನಿಮಿಷ, ಅದಕ್ಕಿಂತ ಮೇಲಿದ್ರೆ 15 ನಿಮಿಷ. ಎತ್ತರಕ್ಕೆ ಹೋದಷ್ಟೂ ನೀರು ಕಮ್ಮಿ ಬಿಸಿಯಲ್ಲೇ ಕುದಿಯುತ್ತೆ, 300 ಮೀಟರ್‌ಗೆ ಹತ್ತಿರ ಹತ್ತಿರ ಒಂದು ಡಿಗ್ರಿ ಇಳಿಯುತ್ತೆ, ಅದಕ್ಕೇ ಸಮಯ ಜಾಸ್ತಿ. ನೀವಿರೋ ಜಾಗದ ಎತ್ತರ ಎಷ್ಟು ಅಂತ ಒಂದು ಸಲ ನೋಡಿಟ್ಕೊಳ್ಳಿ.

ಆಮೇಲೆ ಉರಿ ಆರಿಸಿ ಐದು ನಿಮಿಷ ಬಿಟ್ಟು ನೇರವಾಗಿ ಎತ್ತಿ ಬಟ್ಟೆ ಮೇಲೆ ಇಡಿ, ಹನ್ನೆರಡು ಗಂಟೆ ಮುಟ್ಟಬೇಡಿ, ಮುಚ್ಚಳ ಇನ್ನೊಮ್ಮೆ ಬಿಗಿ ಮಾಡೋಕೂ ಹೋಗ್ಬೇಡಿ. ಆರಿದ ಮೇಲೆ ಮುಚ್ಚಳದ ಮಧ್ಯ ಬೆರಳಲ್ಲಿ ಒತ್ತಿ ನೋಡಿ, ಒಳಗೆ ತಗ್ಗಿ ಅಲ್ಲಾಡದೇ ಇದ್ರೆ ಸೀಲ್ ಆಗಿದೆ. ತಾರೀಕು ಬರೆದು ಅಂಟಿಸಿ, ತಂಪಾಗಿ ಕತ್ತಲೆ ಇರೋ ಒಣ ಜಾಗದಲ್ಲಿ ಇಡಿ. ಒಂದು ವರ್ಷದೊಳಗೆ ಮುಗಿಸಿದ್ರೆ ಬಣ್ಣ, ರುಚಿ ಎರಡೂ ಚೆನ್ನಾಗಿರುತ್ತೆ.

ಪ್ರಶ್ನೆ: ಐದು ಜಾರ್‌ನಲ್ಲಿ ಒಂದರ ಮುಚ್ಚಳ ಒತ್ತಿದ್ರೆ ಟಿಕ್ ಟಿಕ್ ಅನ್ನುತ್ತೆ.

ಅದು ಸೀಲ್ ಆಗಿಲ್ಲ. ಫ್ರಿಜ್‌ಗೆ ಇಟ್ಟು ಮೊದ್ಲು ಅದನ್ನೇ ತಿನ್ನಿ. ಇಲ್ಲಾ 24 ಗಂಟೆ ಒಳಗೆ ತಿರುಳನ್ನ ಮತ್ತೆ ಕುದಿಸಿ, ಹೊಸ ಮುಚ್ಚಳ ಹಾಕಿ, ಪೂರ್ತಿ ಸಮಯ ಮತ್ತೆ ಸಂಸ್ಕರಿಸಿ.

ಪ್ರಶ್ನೆ: ಮೇಲೆ ಒಂದು ಚುಕ್ಕೆ ಬಿಳಿ ಬೂಷ್ಟು ಬಂದಿದೆ. ಅಷ್ಟನ್ನ ತೆಗೆದು ಉಳಿದಿದ್ದು ತಿನ್ಬಹುದಾ? ಬಿಸಾಕೋಕೆ ಮನಸ್ಸಾಗ್ತಿಲ್ಲ.

ನಿಮ್ಮ ಸಂಕಟ ಅರ್ಥ ಆಗುತ್ತೆ, ಅಷ್ಟು ಹೊತ್ತು ನಿಂತು ಮಾಡಿರ್ತೀರಿ. ಆದ್ರೂ ಬಿಸಾಕಿ. ಕಣ್ಣಿಗೆ ಕಾಣೋದು ಮೇಲಿನ ಭಾಗ ಅಷ್ಟೇ, ಎಳೆಗಳು ಒಳಗೆ ಇಳಿದಿರುತ್ತೆ, ಕೆಲವು ಬೂಷ್ಟು ಬಿಡೋ ವಿಷ ಮತ್ತೆ ಕುದಿಸಿದ್ರೂ ಹೋಗಲ್ಲ. ಹಾಗೇ ಮುಚ್ಚಳ ಉಬ್ಬಿದ್ರೆ, ತೆಗೆದಾಗ ಬುಸ್ ಅಂತ ಗ್ಯಾಸ್ ಬಂದ್ರೆ, ಒಳಗೆ ಗುಳ್ಳೆ ಏಳ್ತಿದ್ರೆ, ಹೆಂಡದ ವಾಸನೆ ಬಂದ್ರೆ ರುಚಿ ನೋಡೋಕೂ ಹೋಗ್ಬೇಡಿ. ಮೇಲ್ಭಾಗ ಬರೀ ಕಂದು ಬಣ್ಣಕ್ಕೆ ತಿರುಗಿದ್ರೆ ಅದು ಬೇರೆ, ಮೇಲೆ ಉಳಿದ ಗಾಳಿ ತಾಗಿ ಹಾಗಾಗುತ್ತೆ, ವಾಸನೆ ಸರಿ ಇದ್ದು ಸೀಲ್ ಗಟ್ಟಿ ಇದ್ರೆ ತೊಂದ್ರೆ ಇಲ್ಲ.

ಪ್ರಶ್ನೆ: ಇಷ್ಟೆಲ್ಲಾ ಜಾರ್ ಕುದಿಸೋಕೆ ನನ್ನಿಂದ ಆಗಲ್ಲ. ಬೇರೆ ದಾರಿ?

ಫ್ರೀಜರ್. ಪ್ಲಮ್ ಬಟರ್ ಫ್ರೀಜರ್‌ಗೆ ತುಂಬಾ ಚೆನ್ನಾಗಿ ಹೊಂದ್ಕೊಳ್ಳುತ್ತೆ, ನೀರು ಕಮ್ಮಿ ಇರೋದ್ರಿಂದ ಕರಗಿದ ಮೇಲೂ ನುಣುಪು ಹಾಗೇ ಇರುತ್ತೆ, ಬೇಕಿದ್ರೆ ಒಂದು ಸಲ ಕಲಸಿದ್ರೆ ಆಯ್ತು. ಪೂರ್ತಿ ಆರಿಸಿ, ಚಿಕ್ಕ ಡಬ್ಬಗಳಲ್ಲಿ ಮೇಲೆ ಒಂದೂವರೆ ಸೆಂಟಿಮೀಟರ್ ಜಾಗ ಬಿಟ್ಟು ತುಂಬಿ, ಹೆಪ್ಪುಗಟ್ಟಿದಾಗ ಹಿಗ್ಗುತ್ತೆ. ವರ್ಷದ ತನಕ ಇಡ್ಬಹುದು. ಬರೀ ಫ್ರಿಜ್‌ನಲ್ಲಿ ಇಡೋದಾದ್ರೆ ಮೂರ್ನಾಲ್ಕು ವಾರ ಅಂತ ಇಟ್ಕೊಳ್ಳಿ, ಸಕ್ಕರೆ ಹಾಕದೇ ಇದ್ರೆ ಅದಕ್ಕಿಂತ ಕಮ್ಮಿ, ಪ್ರತಿ ಸಲ ಒಣ ಚೊಕ್ಕ ಚಮಚ ಬಳಸಿ.

ಪ್ರಶ್ನೆ: ಬೇಗ ಗಟ್ಟಿ ಆಗ್ಲಿ ಅಂತ ಕಾರ್ನ್‌ಫ್ಲೋರ್ ಹಾಕ್ಬಹುದಾ? ಬೀಜ ಸಮೇತ ಬೇಯಿಸಿದ್ರೆ ಬಾದಾಮಿ ಘಮ ಬರುತ್ತೆ ಅಂತ ಕೇಳಿದೀನಿ, ಅದೂ ಹೇಳಿ.

ಜಾರ್‌ಗೆ ತುಂಬಿ ಕುದಿಸಿಡೋದಕ್ಕೆ ಕಾರ್ನ್‌ಫ್ಲೋರ್, ಮೈದಾ ಯಾವುದೂ ಬೇಡ. ಅದು ಸೇರಿದ್ರೆ ಶಾಖ ಜಾರ್‌ನ ಮಧ್ಯಕ್ಕೆ ತಲುಪೋ ರೀತಿನೇ ಬದಲಾಗುತ್ತೆ, ನಾನು ಮೇಲೆ ಹೇಳಿದ ನಿಮಿಷಗಳ ಲೆಕ್ಕ ಆಗ ಹೊಂದಲ್ಲ. ಬೆಣ್ಣೆ, ಕೆನೆ, ಗೋಡಂಬಿ ಬಾದಾಮಿ ತರದ ಬೀಜಗಳ ಪೇಸ್ಟ್ ಇವನ್ನೂ ಜಾರ್‌ಗೆ ಸೇರಿಸ್ಬೇಡಿ, ತಿನ್ನೋ ಹೊತ್ತಲ್ಲಿ ಬಟ್ಟಲಲ್ಲಿ ಕಲಸ್ಕೊಳ್ಳಿ.

ಪ್ಲಮ್ ಬೀಜದ ಒಳಗಿನ ಪಪ್ಪಿನಲ್ಲಿ ಅಮಿಗ್ಡಲಿನ್ ಅಂತ ಇರುತ್ತೆ, ಅದನ್ನ ಜಜ್ಜಿದಾಗ ಅಥವಾ ಅಗಿದಾಗ ಸಯನೈಡ್ ಬಿಡುತ್ತೆ, ಆ ಬಾದಾಮಿ ಘಮ ಬರೋದೂ ಅದೇ ಅಮಿಗ್ಡಲಿನ್ ಒಡೆದಾಗ. ಅಂಟು ಬೀಜದ ಹಣ್ಣಾದ್ರೆ ಇಡೀ ಹಣ್ಣನ್ನೇ ಬೇಯಿಸಿ ಆಮೇಲೆ ಜರಡಿಯಲ್ಲಿ ಬೀಜ ಬೇರೆ ಮಾಡ್ಬಹುದು, ಬೀಜ ಒಡೆಯದೇ ಇರೋ ತನಕ ಅದರಿಂದ ತೊಂದ್ರೆ ಇಲ್ಲ, ಆದ್ರೆ ಎಷ್ಟು ಬೀಜ ಹೋಗಿತ್ತು, ಎಷ್ಟು ಹೊರಗೆ ಬಂತು ಅಂತ ಎಣಿಸ್ಕೊಳ್ಳಿ, ಒಂದು ಬೀಜನೂ ಮಿಕ್ಸಿ ಬ್ಲೇಡಿಗೆ ಸಿಗ್ಬಾರ್ದು. ಘಮ ಬೇಕು ಅಂದ್ರೆ ಇಳಿಸೋ ಮುಂಚೆ ಒಂದೆರಡು ಹನಿ ವೆನಿಲ್ಲಾ ಹಾಕಿ, ಪ್ಲಮ್ ಜೊತೆ ತುಂಬಾ ಚೆನ್ನಾಗಿ ಹೊಂದುತ್ತೆ.